ಸಗಣಿ, ತಲೆಗೂದಲು, ಡಾಂಬರು ಡ್ರಮ್ಮು: ಇವು ಕಲೆಯಾದಾಗ ನೋಡುವುದು ಹೇಗೆ?

ಗ್ಯಾಲರಿಯೊಳಗೆ ಕಾಲಿಡುತ್ತೀರಿ. ಚೌಕಟ್ಟು ಹಾಕಿದ ಚಿತ್ರವಿಲ್ಲ, ಪೀಠದ ಮೇಲೆ ಮೂರ್ತಿಯಿಲ್ಲ. ಗೋಡೆಯಿಂದ ನೆಲದವರೆಗೆ ಕಪ್ಪು ಹಗ್ಗ ಸುರುಳಿ ಸುರುಳಿಯಾಗಿ ಇಳಿದು ರಾಶಿಬಿದ್ದಿದೆ. ಹೊಳೆಯುವ ಕಾರಿನ ಬಂಪರುಗಳು ಆ ಹಗ್ಗದ ಆಸರೆಯಲ್ಲೇ ತೂಗಿಕೊಂಡಿವೆ. ಹತ್ತಿರ ಹೋದ ಮೇಲೆ ಗೊತ್ತಾಗುತ್ತದೆ, ಹಗ್ಗ ಹೊಸೆದಿರುವುದು ಮನುಷ್ಯರ ತಲೆಗೂದಲಿನಿಂದ. ಉದ್ದ ಸುಮಾರು ನಾಲ್ಕು ಕಿಲೋಮೀಟರ್, ಬಂಪರುಗಳು ಸುಮಾರು 20. ಈ ಕೃತಿಯ ಹೆಸರು 'ಬಿಹೋಲ್ಡ್'. 2009ರಲ್ಲಿ ವೆನಿಸ್ ಬಿನಾಲೆ ಎಂಬ ಕಲಾಪ್ರದರ್ಶನದಲ್ಲಿ ಕಾಣಿಸಿಕೊಂಡ ಇದು ಈಗ ಲಂಡನ್ನಿನ ಟೇಟ್ ಸಂಗ್ರಹಾಲಯದಲ್ಲಿದೆ. ಮಾಡಿದವರು ನಮ್ಮ ಶಿವಮೊಗ್ಗ ಜಿಲ್ಲೆಯವರೇ, 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ.

ವೆನಿಸ್ಸಿನಲ್ಲಿ ಇದನ್ನು ನೋಡಿದವರಿಗೆ ಕೂದಲಿಗೂ ಬಂಪರಿಗೂ ಏನು ನಂಟು ಎಂಬುದನ್ನು ಗೋಡೆಯ ಮೇಲಿನ ಬರಹವೇ ತಿಳಿಸಬೇಕು. ಸೊರಬದ ಬಸ್‌ಸ್ಟ್ಯಾಂಡಿನ ಎದುರು ಗೂಡ್ಸ್ ಗಾಡಿ ನಿಲ್ಲಿಸಿಕೊಂಡಿರುವ ಚಾಲಕನಿಗೆ ಅದರ ಅಗತ್ಯವಿಲ್ಲ. ದೃಷ್ಟಿ ತಾಗದಿರಲಿ ಎಂದು ಗಾಡಿಯ ಬಂಪರಿಗೆ ಕೂದಲಿನ ಹಗ್ಗ ಕಟ್ಟುವುದು ಅವನಿಗೆ ಗೊತ್ತಿರುವ ಸಂಗತಿ. ಇಂಥ ಕಲೆ 'ಓದಿದವರಿಗೆ, ಪೇಟೆಯವರಿಗೆ' ಎಂದು ನಮ್ಮಲ್ಲಿ ಅನೇಕರು ಬಾಗಿಲಿನಿಂದಲೇ ಹಿಂದಿರುಗುತ್ತಾರೆ. ನನ್ನ ಮಾತು ಇದಕ್ಕೆ ತದ್ವಿರುದ್ಧ. ಶಿಕಾರಿಪುರ, ಸೊರಬದ ಕಡೆಯ ಮನೆಯಲ್ಲಿ ಬೆಳೆದವರ ಕೈಗೆ ಈ ಸಾಮಗ್ರಿಗಳೆಲ್ಲ ಮೊದಲೇ ಪರಿಚಯ. ಕಲಿಯಬೇಕಾದದ್ದು ನೋಡುವ ಕ್ರಮ ಮಾತ್ರ.

ಇಂಥ ಕೃತಿಗೆ ಕನ್ನಡದ ವಿಮರ್ಶಕರು 'ಪ್ರತಿಷ್ಠಾಪನಾ ಕಲೆ' ಎನ್ನುತ್ತಾರೆ, ಕಲಾವಿದರು ತಮ್ಮೊಳಗೆ 'ಇನ್‌ಸ್ಟಲೇಶನ್' ಎಂದೇ ಮಾತಾಡಿಕೊಳ್ಳುತ್ತಾರೆ. ಶಿಲ್ಪಕ್ಕೂ ಇದಕ್ಕೂ ಏನು ವ್ಯತ್ಯಾಸ? ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಗೆ ಹೋಗಿ ನೋಡಿ. 1047ರಲ್ಲಿ ನಿಲ್ಲಿಸಿದ ಗಂಡಭೇರುಂಡ ಸ್ತಂಭ ಅಲ್ಲಿದೆ. ಅದು ಸುಮಾರು ಮೂವತ್ತು ಅಡಿ ಎತ್ತರ. ನೀವು ಕೆಳಗೆ ನಿಂತು ಕತ್ತೆತ್ತಿ ನೋಡುತ್ತೀರಿ, ಅದು ಅಲ್ಲಿರುತ್ತದೆ, ನೀವು ಇಲ್ಲಿರುತ್ತೀರಿ. ಅದೇ ಊರಿನ ಕೇದಾರೇಶ್ವರ ಗುಡಿಯ ಒಳಗೆ ಹೋದರೆ ಅನುಭವ ಬೇರೆ. ಬಿಸಿಲಿನಿಂದ ಕತ್ತಲೆಗೆ ಕಣ್ಣು ಹೊಂದಿಕೊಳ್ಳಲು ಒಂದು ಗಳಿಗೆ ಬೇಕು, ಪಾದಕ್ಕೆ ಕಲ್ಲು ತಣ್ಣಗೆ ತಾಗುತ್ತದೆ, ಕಂಬಗಳ ನಡುವೆ ನಡೆದಂತೆ ನೋಟ ಬದಲಾಗುತ್ತದೆ. ಅಲ್ಲಿ ಒಂದು ಮೂರ್ತಿಯಷ್ಟೇ ಅಲ್ಲ, ಇಡೀ ಜಾಗವೇ ನಿಮ್ಮ ಮೇಲೆ ಕೆಲಸ ಮಾಡುತ್ತದೆ. ಪ್ರತಿಷ್ಠಾಪನಾ ಕಲೆ ಈ ಎರಡನೆಯ ಬಗೆಯದು. ಅದನ್ನು ನೋಡುವುದೆಂದರೆ ಅದರೊಳಗೆ ನಡೆಯುವುದು.

ಸಾಮಗ್ರಿಯ ಮಾತಿಗೂ ಬಳ್ಳಿಗಾವಿಯೇ ಸಾಕ್ಷಿ. ಹನ್ನೊಂದನೆಯ ಶತಮಾನದ ನಡುವಿನಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿಗಳು ಮರಳುಗಲ್ಲನ್ನು ಬಿಟ್ಟು ಬಳಪದ ಕಲ್ಲಿಗೆ ಕೈಹಾಕಿದರು. ಆ ಕಾಲಕ್ಕೆ ಅದು ಹೊಸ ಸಾಮಗ್ರಿ. ಉಳಿಗೆ ಮೆತ್ತಗೆ ಒದಗುವ ಆ ಕಲ್ಲು ಸಿಕ್ಕ ಮೇಲೆಯೇ ಕಂಬಕ್ಕೆ ಅಷ್ಟು ನುಣುಪು, ಆಭರಣಕ್ಕೆ ಅಷ್ಟು ಸೂಕ್ಷ್ಮ ಬಂದದ್ದು. ಬೇಲೂರಿನ ಗುಡಿಗೆ ಕೆಲಸ ಮಾಡಿದ ದಾಸೋಜ ಬಳ್ಳಿಗಾವಿಯವನು. ಆ ಕಲ್ಲಿನ ಜ್ಞಾನ ಅವನ ಜೊತೆ ದಕ್ಷಿಣಕ್ಕೆ ಹೋಯಿತು. ಸಾಮಗ್ರಿ ಬದಲಾದರೆ ರೂಪವೂ ಬದಲಾಗುತ್ತದೆ ಎಂಬುದು ನಮ್ಮ ಸೀಮೆಗೆ ಸಾವಿರ ವರ್ಷದ ಹಿಂದೆಯೇ ಗೊತ್ತಿತ್ತು.

ಶೀಲಾ ಗೌಡರ ಕಲಿಕೆ ಶುರುವಾದದ್ದು ಚಿತ್ರಕಲೆಯಲ್ಲಿ. ಬೆಂಗಳೂರಿನಲ್ಲಿ ಆರ್.ಎಂ. ಹಡಪದರ ಕೆನ್ ಕಲಾಶಾಲೆ, ಆಮೇಲೆ ಶಾಂತಿನಿಕೇತನ, ಆಮೇಲೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್. ಅಲ್ಲಿನ ಓದು ಮುಗಿದದ್ದು 1986ರಲ್ಲಿ. ತೈಲವರ್ಣದಲ್ಲಿ ಬರೆಯುತ್ತಿದ್ದವರು 1992ರ ಹೊತ್ತಿಗೆ, ದೇಶದಲ್ಲಿ ಕೋಮುಗಲಭೆಯ ಬೆಂಕಿ ಎದ್ದ ಕಾಲದಲ್ಲಿ, ಸಗಣಿಗೆ ಕೈಹಾಕಿದರು. ಏಕೆ ಸಗಣಿ? ಪೂಜೆಗೂ ಸಲ್ಲುತ್ತದೆ, ಒಲೆಗೂ ಸಲ್ಲುತ್ತದೆ. ಪವಿತ್ರವೆನ್ನುವವರು ಅನೇಕರು, ದಿನವೂ ಕೈಯಿಂದ ಬಾಚುವವರು ಹೆಂಗಸರು. ಯಾರೂ ಅದಕ್ಕೆ ಬೆಲೆ ಕಟ್ಟುವುದಿಲ್ಲ, ಅದಿಲ್ಲದೆ ಕೊಟ್ಟಿಗೆಯ ಮನೆ ನಡೆಯುವುದೂ ಇಲ್ಲ. 1996ರ 'ಮಾರ್ಟರ್ ಲೈನ್' ಎಂಬ ಕೃತಿಯಲ್ಲಿ ಅವರು ಸಗಣಿಯ ಇಟ್ಟಿಗೆಗಳನ್ನು ಜೋಡಿಸಿ ನೆಲದ ಮೇಲೆ ಬಾಗಿದ ಸಾಲೊಂದನ್ನು ಎಳೆದರು. ಇಟ್ಟಿಗೆಗಳ ನಡುವಿನ ಸಂದಿಯಲ್ಲಿ ಕುಂಕುಮದ ಕೆಂಪು ಓಡುತ್ತದೆ. ದೂರದಿಂದ ಅದೊಂದು ಕಟ್ಟೆ. ಹತ್ತಿರದಿಂದ ಅದು ಗಾಯವೂ ಹೌದು, ಬೈತಲೆಯೂ ಹೌದು.

ಇಲ್ಲಿ ಒಂದು ಕ್ಷಣ ನಿಲ್ಲಿ. ದೀಪಾವಳಿಯ ಪಾಡ್ಯದ ಬೆಳಗ್ಗೆ ನಮ್ಮ ಸೀಮೆಯ ಎಷ್ಟೋ ಮನೆಗಳಲ್ಲಿ ಸಗಣಿಯ ಉಂಡೆ ಮಾಡಿ, ಚೆಂಡುಹೂ ಸಿಕ್ಕಿಸಿ, ಹೊಸಿಲಿನಲ್ಲೋ ಕೊಟ್ಟಿಗೆಯಲ್ಲೋ ಇಟ್ಟು ಪೂಜಿಸುತ್ತಾರೆ. ಅದನ್ನು ನೋಡಿ ಯಾರೂ 'ಇದೇನು, ಸಗಣಿ!' ಎಂದು ಮೂಗು ಮುರಿಯುವುದಿಲ್ಲ. ಅಲ್ಲಿ ಸಗಣಿಗೆ ಅರ್ಥ ಬಂದದ್ದು ಇಟ್ಟ ಜಾಗದಿಂದ, ಇಟ್ಟ ದಿನದಿಂದ, ಇಟ್ಟವರ ಕೈಯಿಂದ. ಗ್ಯಾಲರಿಯಲ್ಲೂ ನಡೆಯುವುದು ಇಷ್ಟೇ. ವಸ್ತು ಬದಲಾಗುವುದಿಲ್ಲ, ಜಾಗ ಬದಲಾಗುತ್ತದೆ, ಅದರಿಂದ ನೋಡುವವರ ಗಮನ ಬದಲಾಗುತ್ತದೆ.

ಈಗ ಕೂದಲಿನ ವಿಷಯಕ್ಕೆ ಬರೋಣ, ಏಕೆಂದರೆ ಅಲ್ಲಿ ಹೇಳಲು ಹೆಚ್ಚಿದೆ. ಒಂದು ತಲೆಗೂದಲು 50ರಿಂದ 100 ಗ್ರಾಂ ಭಾರ ತಡೆಯಬಲ್ಲದು. ಸಾವಿರ ಕೂದಲನ್ನು ಒಟ್ಟಿಗೆ ಹೊಸೆದರೆ, ಲೆಕ್ಕದಲ್ಲಿ ಒಬ್ಬ ಮನುಷ್ಯನನ್ನೇ ತೂಗಿಹಾಕಬಹುದು. ಆದ್ದರಿಂದ 'ಬಿಹೋಲ್ಡ್'ನಲ್ಲಿ ಕಬ್ಬಿಣದ ಬಂಪರನ್ನು ಕೂದಲು ಹೊತ್ತಿರುವುದು ಕಣ್ಕಟ್ಟಲ್ಲ, ನಿಜವಾದ ಭಾರ. ಆದರೂ ನೋಡುವಾಗ ಎದೆ ಅಳುಕುತ್ತದೆ. ಬಾಚಣಿಗೆಯಿಂದ ಬಿಡಿಸಿ ಎಸೆಯುವ ಎಳೆಗೆ ಇಷ್ಟು ತಾಕತ್ತೇ ಎಂಬ ಅನುಮಾನ ಹೋಗುವುದಿಲ್ಲ. ಕೃತಿ ಕೆಲಸ ಮಾಡುವುದು ಆ ಅಳುಕಿನಲ್ಲಿ.

ಈ ಕೂದಲು ಬರುವುದು ಎಲ್ಲಿಂದ? ಹರಕೆ ಹೊತ್ತು ಮುಡಿ ಕೊಟ್ಟವರಿಂದ. ಉದ್ದನೆಯ ಕೂದಲು ಚೌರಿಗೆ, ವಿಗ್ಗಿಗೆ ಹೋಗುತ್ತದೆ. ಗಿಡ್ಡ ಕೂದಲು ಉಳಿಯುತ್ತದೆ. ಹಗ್ಗವಾಗುವುದು ಅದು. ಒಬ್ಬಳು ತಾಯಿ ಮಗುವಿನ ಜ್ವರ ಇಳಿಯಲೆಂದು ಕೊಟ್ಟ ಕೂದಲು ಇನ್ನೊಬ್ಬನ ಲಾರಿಯನ್ನು ಕಾಯುತ್ತದೆ. ಅವಳಿಗೆ ಅವನು ಗೊತ್ತಿಲ್ಲ, ಅವನಿಗೆ ಅವಳು ಗೊತ್ತಿಲ್ಲ. ನಾಲ್ಕು ಕಿಲೋಮೀಟರ್ ಹಗ್ಗದಲ್ಲಿ ಎಷ್ಟು ಜನರ ಹರಕೆ ಸೇರಿಕೊಂಡಿದೆಯೋ ಯೋಚಿಸಿ. 'ತಲೆಗೂದಲಿಗೆ ಪಾತ್ರೆ' ಎಂದು ಬೀದಿಯಲ್ಲಿ ಕೂಗಿಕೊಂಡು ಬರುವವರಿಗೆ ಬಾಚಿದ ಕೂದಲಿನ ಉಂಡೆ ಕೊಟ್ಟು ಸ್ಟೀಲಿನ ಬಟ್ಟಲು ಪಡೆದ ಅಮ್ಮಂದಿರಿಗೆ ಕೂದಲಿನ ಈ ವ್ಯವಹಾರ ಹೊಸದಲ್ಲ. ಇನ್ನು ಶಿಕಾರಿಪುರ ತಾಲ್ಲೂಕಿನವರಿಗಂತೂ ಕೂದಲು ಎಂದರೆ ಉಡುತಡಿ ನೆನಪಾಗದೆ ಇರದು. ಅಲ್ಲಿ ಹುಟ್ಟಿದ ಅಕ್ಕಮಹಾದೇವಿ ಬಟ್ಟೆ ಬಿಟ್ಟು ಕೂದಲನ್ನೇ ಹೊದ್ದವಳು. ಕೂದಲು ಕಾಯುತ್ತದೆ ಎಂಬ ನಂಬಿಕೆ ಒಬ್ಬ ಚಾಲಕನ ಗಾಡಿಯಲ್ಲೂ ಇದೆ, ಅಕ್ಕನ ಚಿತ್ರದಲ್ಲೂ ಇದೆ. ಶೀಲಾ ಗೌಡರು ಉಡುತಡಿಯನ್ನು ಮನಸ್ಸಿನಲ್ಲಿಟ್ಟು ಇದನ್ನು ಮಾಡಿದರೆಂದು ನಾನು ಹೇಳುತ್ತಿಲ್ಲ. ನೋಡುವವರು ತಮ್ಮ ಊರನ್ನು ಒಳಗೆ ತಂದರೆ ಕೃತಿ ಬೇಡವೆನ್ನುವುದಿಲ್ಲ, ಅಷ್ಟೇ.

ಉಳಿದ ಕೃತಿಗಳನ್ನು ಬೇಗ ನೋಡಿಬಿಡೋಣ. 'ಆ್ಯಂಡ್ ಟೆಲ್ ಹಿಮ್ ಆಫ್ ಮೈ ಪೇನ್' ಕೃತಿಯಲ್ಲಿ ಹಲವು ಹತ್ತು ಸೂಜಿಗಳು. ಒಂದೊಂದರ ಕಣ್ಣಿನಿಂದಲೂ ನೂರಾರು ಅಡಿ ದಾರವನ್ನು ಎಳೆದು, ಎಲ್ಲವನ್ನೂ ಕುಂಕುಮ ಮತ್ತು ಅಂಟಿನಲ್ಲಿ ಕೂಡಿಸಿ ಕೆಂಪು ಹಗ್ಗ ಮಾಡಿದ್ದಾರೆ. ಹಗ್ಗ ಗೋಡೆ ಹತ್ತುತ್ತದೆ, ನೆಲಕ್ಕೆ ಇಳಿಯುತ್ತದೆ, ತುದಿಯಲ್ಲಿ ಸೂಜಿಗಳ ಗೊಂಚಲು ಮಿನುಗುತ್ತದೆ. ದಾರ ಪೋಣಿಸಿ ಬೆನ್ನು ನೋಯಿಸಿಕೊಂಡವರಿಗೆ ಅದರಲ್ಲಿ ಎಷ್ಟು ದಿನದ ದುಡಿಮೆಯಿದೆ ಎಂದು ನೋಡಿದ ತಕ್ಷಣ ತಿಳಿಯುತ್ತದೆ. 2006ರ 'ಡಾರ್ಕ್‌ರೂಮ್' ಡಾಂಬರು ಡ್ರಮ್ಮುಗಳ ಕೋಣೆ. ರಸ್ತೆ ಕೆಲಸದವರು ಖಾಲಿ ಡ್ರಮ್ಮನ್ನು ಸೀಳಿ, ತಟ್ಟಿ ಚಪ್ಪಟೆ ಮಾಡಿ, ಅದರಿಂದಲೇ ರಸ್ತೆ ಬದಿಗೆ ಬಿಡಾರ ಹಾಕಿಕೊಳ್ಳುವುದನ್ನು ನೀವು ಕಂಡಿರುತ್ತೀರಿ. ಈ ಕೋಣೆಯೂ ಹಾಗೇ. ಹೊರಗೆ ನೆಟ್ಟಗೆ ನಿಲ್ಲಿಸಿದ ಡ್ರಮ್ಮುಗಳು ಅರಮನೆಯ ಕಂಬದ ಗತ್ತಿನಲ್ಲಿವೆ. ಬಗ್ಗಿ ಒಳಗೆ ಹೋದರೆ ಕತ್ತಲು, ತಲೆಯ ಮೇಲಿನ ತಗಡಿನಲ್ಲಿ ಕೊರೆದ ತೂತುಗಳಿಂದ ಬೆಳಕು ಬಿದ್ದು ನಕ್ಷತ್ರದ ಆಕಾಶ. ಡ್ರಮ್ಮು, ಟಾರ್ಪಾಲು, ಅಭ್ರಕ ಬಳಸಿದ ಇನ್ನೊಂದು ಕೃತಿಗೆ ಅವರು ಕನ್ನಡದಲ್ಲೇ 'ಕಾಗೆಬಂಗಾರ' ಎಂದು ಹೆಸರಿಟ್ಟರು. 2007ರಲ್ಲಿ ಜರ್ಮನಿಯ ಕಾಸೆಲ್ ನಗರದ ಡಾಕ್ಯುಮೆಂಟಾ ಪ್ರದರ್ಶನದಲ್ಲಿ ಇಟ್ಟ 'ಕೊಲ್ಯಾಟರಲ್'ಗೆ ಅಗರಬತ್ತಿಯ ಹಿಟ್ಟನ್ನು ನಾದಿ ಆಕಾರ ಕೊಟ್ಟು, ಉರಿಸಿ, ಉಳಿದ ಬೂದಿಯನ್ನೇ ಹಾಗೆಯೇ ಇಟ್ಟರು. ಜೋರಾಗಿ ಉಸಿರು ಬಿಟ್ಟರೂ ಚದುರಿಹೋಗುವ ಶಿಲ್ಪ.

ನನ್ನ ಮೆಚ್ಚಿನದು ಮಾತ್ರ 'ಸ್ಟಾಪ್‌ಓವರ್'. 2012ರ ಡಿಸೆಂಬರಿನಲ್ಲಿ ಶುರುವಾದ ಮೊದಲ ಕೊಚ್ಚಿ ಬಿನಾಲೆಗೆ ಶೀಲಾ ಗೌಡ ಮತ್ತು ಅವರ ಪತಿ, ಸ್ವಿಸ್ ಕಲಾವಿದ ಕ್ರಿಸ್ಟೋಫ್ ಸ್ಟೋರ್ಜ್ ಸೇರಿ ಬೆಂಗಳೂರಿನಿಂದ 170 ಒರಳುಕಲ್ಲುಗಳನ್ನು ಸಾಗಿಸಿದರು. ಮಿಕ್ಸಿ, ಗ್ರೈಂಡರು ಬಂದ ಮೇಲೆ ಮನೆಯಿಂದ ಹೊರಬಿದ್ದ ಕಲ್ಲುಗಳು ಅವು. ಒಡೆಯಲು ಮನಸ್ಸು ಬಾರದು, ಇಟ್ಟುಕೊಳ್ಳಲು ಜಾಗವಿಲ್ಲ. ಹಾಗಾಗಿ ಬೀದಿಯ ತಿರುವಿನಲ್ಲಿ, ಮರದ ಬುಡದಲ್ಲಿ ಬಿಟ್ಟುಹೋದವು. ಹಳೆಯ ಬಂದರಿನ ಊರಿನಲ್ಲಿ, ಒಂದು ಕಾಲಕ್ಕೆ ಮೆಣಸಿನ ಚೀಲಗಳು ಹಡಗು ಹತ್ತಿದ ಜಾಗದಲ್ಲಿ, ಈ ಕಲ್ಲುಗಳು ಯಾವುದೋ ಪ್ರಯಾಣದ ನಡುವೆ ಇಳಿದು ಕಾಯುತ್ತಿರುವ ಸಾಮಾನಿನಂತೆ ಬಿದ್ದಿದ್ದವು. ಸೊರಬದ ಹಳ್ಳಿಗಳ ಹಿತ್ತಿಲಲ್ಲಿ ಇಂಥ ಕಲ್ಲು ಇನ್ನೂ ಎಷ್ಟಿವೆ! ಅದರ ಗುಳಿ ನೋಡಿದರೆ ಸಾಕು, ಎಷ್ಟು ತಲೆಮಾರು ರುಬ್ಬಿದೆ ಎಂದು ಅಂದಾಜು ಹೇಳುವ ಅಜ್ಜಿಯರೂ ಇದ್ದಾರೆ. ಕಲಾವಿಮರ್ಶಕರಿಗೆ ಈ ಓದು ಅಷ್ಟು ಸುಲಭಕ್ಕೆ ದಕ್ಕುವುದಿಲ್ಲ.

ಇನ್ನು ನೋಡುವ ಕ್ರಮ. ಒಳಗೆ ಹೋದೊಡನೆ ಗೋಡೆಯ ಫಲಕ ಓದಲು ಹೋಗಬೇಡಿ. ಅದರಲ್ಲಿ ಬಹುಪಾಲು ಗಡಸು ಇಂಗ್ಲಿಷು, ಓದಿದ ಮೇಲೆ ಕಣ್ಣಿಗೆ ಕೃತಿಗಿಂತ ಮೊದಲು ಆ ಮಾತುಗಳೇ ಕಾಣತೊಡಗುತ್ತವೆ. ಮೊದಲು ಬಾಗಿಲಲ್ಲೇ ನಿಂತು ಮೂಗಿನಿಂದ ನೋಡಿ: ಸಗಣಿ, ಡಾಂಬರು, ಕುಂಕುಮ, ಅಗರಬತ್ತಿ, ಪ್ರತಿಯೊಂದಕ್ಕೂ ವಾಸನೆಯ ನೆನಪಿದೆ. ಆಮೇಲೆ ಸುತ್ತು ಬನ್ನಿ, ಗುಡಿಗೆ ಪ್ರದಕ್ಷಿಣೆ ಹಾಕುವ ನಿಧಾನದಲ್ಲಿ. ಒಂದೇ ಕಡೆಯಿಂದ ಕಂಡದ್ದೇ ಕೃತಿಯಲ್ಲ. ಹಿಂಬದಿ, ಮೂಲೆ, ಮೇಲ್ಗಡೆ ಎಲ್ಲವೂ ಅದರ ಭಾಗ. ಬಗ್ಗಿ ಹೋಗಬೇಕಾದಲ್ಲಿ ಬಗ್ಗಿ. ನಿಮ್ಮನ್ನು ಬಗ್ಗಿಸುವುದೂ ಕಲಾವಿದರ ಲೆಕ್ಕಾಚಾರವೇ.

ಮೂರನೆಯದಾಗಿ ಕೂಡುವ ಜಾಗ ನೋಡಿ. ಗಂಟು ಎಲ್ಲಿದೆ, ಬೆಸುಗೆ ಎಲ್ಲಿದೆ, ಭಾರ ಯಾವುದರ ಮೇಲೆ ಕೂತಿದೆ. ಅಡಕೆ ದಬ್ಬೆಯ ಚಪ್ಪರ ಕಟ್ಟಿದವರಿಗೆ, ತೇರಿನ ಹಗ್ಗ ಹೊಸೆದವರಿಗೆ, ಸೊರಬ ಸಾಗರದ ಗುಡಿಗಾರರಿಗೆ ಇದು ತಾನಾಗಿಯೇ ಕಾಣುತ್ತದೆ. ಗಂಧದ ಕೆತ್ತನೆಗೆ ಹೆಸರಾದ ಗುಡಿಗಾರರು ಬೆಂಡಿನಿಂದ ಮದುವೆಯ ಬಾಸಿಂಗ ಮಾಡುವವರೂ ಹೌದು. ಒಂದು ಸಾಮಗ್ರಿ ಗಟ್ಟಿ, ವರ್ಷಗಟ್ಟಲೆ ಪರಿಮಳ ಬಿಡುವಂಥದ್ದು. ಇನ್ನೊಂದು ಹಗುರ, ಒಂದು ಮುಹೂರ್ತಕ್ಕೆ ಮೀಸಲು. ಎರಡನ್ನೂ ಒಂದೇ ಶ್ರದ್ಧೆಯಿಂದ ಮುಟ್ಟುವ ಮನೆತನಗಳಿಗೆ ಸಾಮಗ್ರಿಯ ಗುಣದ ಬಗ್ಗೆ ಯಾರೂ ಪಾಠ ಹೇಳಬೇಕಿಲ್ಲ.

'ಇದು ಎಷ್ಟು ದಿನ ಉಳಿಯುತ್ತದೆ?' ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಪ್ರದರ್ಶನ ಮುಗಿದ ಮೇಲೆ ಬಿಚ್ಚುತ್ತಾರೆ. ಹಗ್ಗವನ್ನು ಸುತ್ತಿಡುತ್ತಾರೆ, ಡ್ರಮ್ಮನ್ನು ಕಳಚುತ್ತಾರೆ, ಮತ್ತೊಂದು ಊರಿನಲ್ಲಿ ಮತ್ತೆ ಕಟ್ಟುತ್ತಾರೆ. ಕೆಂಪು ಹಗ್ಗದ ಕೃತಿ ಪ್ರತಿ ಸಲವೂ ಆ ಗೋಡೆಗೆ, ಆ ನೆಲಕ್ಕೆ ಹೊಂದಿ ಬೇರೆ ಗೆರೆಯಾಗುತ್ತದೆ. ಬೂದಿಯಂಥದ್ದು ಉಳಿಯುವುದೇ ಕಷ್ಟ. ಉಳಿಯದಿದ್ದರೆ ಕಲೆಯೇ ಎಂದು ತಕರಾರು ತೆಗೆಯುವವರು ಪಕ್ಕದ ಶಿರಸಿಯ ಮಾರಿಕಾಂಬಾ ಜಾತ್ರೆ ನೆನೆಯಲಿ. ಎರಡು ವರ್ಷಕ್ಕೊಮ್ಮೆ ಅಷ್ಟು ಸಂಭ್ರಮದ ಗದ್ದುಗೆ, ಚಪ್ಪರ. ದೇವಿ ಗದ್ದುಗೆ ಬಿಟ್ಟೆದ್ದ ಮೇಲೆ ಮಾತಂಗಿ ಚಪ್ಪರಕ್ಕೆ ಬೆಂಕಿ. ಸುಡುವುದಕ್ಕೆಂದೇ ಕಟ್ಟಿದ್ದನ್ನು ಯಾರೂ ವ್ಯರ್ಥ ಎನ್ನುವುದಿಲ್ಲ.

ಮುಟ್ಟಬಹುದೇ? ಬರೆದಿರದಿದ್ದರೆ ಮುಟ್ಟಬೇಡಿ. ಕೈಯ ಬೆವರು, ಎಣ್ಣೆ ಕೂದಲಿಗೂ ಕುಂಕುಮಕ್ಕೂ ಒಳ್ಳೆಯದಲ್ಲ. ಸಂಶಯವಿದ್ದರೆ ಅಲ್ಲಿ ಕೂತಿರುವ ಕಾವಲಿನವರನ್ನು ಕೇಳಿ. ಗ್ಯಾಲರಿಯಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ಆ ಕೃತಿಯ ಜೊತೆ ಕಳೆದವರು ಅವರೇ, ಬೇರೆ ಸಂಗತಿಯನ್ನೂ ಹೇಳುತ್ತಾರೆ. ಕೆಲವು ಕೃತಿಗಳು ಮುಟ್ಟಿದರೇ ಪೂರ್ತಿಯಾಗುವಂಥವು. ಕೋಟೇಶ್ವರದ ಎಲ್.ಎನ್. ತಲ್ಲೂರ ಅವರ 'ಕ್ರೊಮಟೊಫೋಬಿಯಾ'ದಲ್ಲಿ ಮರದ ದಿಮ್ಮಿಗೆ ನೋಡುಗರೇ ಸುತ್ತಿಗೆಯಿಂದ ನಾಣ್ಯ ಹೊಡೆಯಬೇಕು. ನೋಡುಗರು ಬಾರದಿದ್ದರೆ ಆ ಕೃತಿ ಅರ್ಧ. ಫೋಟೊ ತೆಗೆಯಲು ಅನುಮತಿಯಿದ್ದರೂ ಮೊದಲ ಹತ್ತು ನಿಮಿಷ ಮೊಬೈಲು ಜೇಬಿನಲ್ಲಿರಲಿ. ಫೋಟೊದಲ್ಲಿ ವಾಸನೆಯೂ ಬಾರದು, ಅಳತೆಯೂ ಬಾರದು.

ಹಾಗಾದರೆ ವಿಚಿತ್ರ ಸಾಮಗ್ರಿ ಹಿಡಿದವರೆಲ್ಲ ದೊಡ್ಡ ಕಲಾವಿದರೇ? ಖಂಡಿತ ಅಲ್ಲ. ಗಣೇಶ ಚೌತಿ ಬಂತೆಂದರೆ ಬಿಸ್ಕತ್ತಿನ ಗಣಪ, ತೆಂಗಿನಕಾಯಿ ಗಣಪ, ನಾಣ್ಯದ ಗಣಪ ಕಾಣುತ್ತಾರೆ. ನೋಡಲು ಖುಷಿ, ಮಕ್ಕಳಿಗೆ ಇನ್ನೂ ಖುಷಿ. ಆದರೆ ಒಂದು ಸುಲಭದ ಪರೀಕ್ಷೆ ಹೇಳುತ್ತೇನೆ: ಸಾಮಗ್ರಿಯನ್ನು ಮನಸ್ಸಿನಲ್ಲೇ ಬದಲಿಸಿ ನೋಡಿ. ಬಿಸ್ಕತ್ತಿನ ಜಾಗದಲ್ಲಿ ಬೆಲ್ಲದಚ್ಚು ಇಟ್ಟರೂ ಗಣಪ ಅದೇ ಗಣಪ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವದ ಹೊತ್ತಿಗೆ ಹೂವಿನಲ್ಲಿ ಕಟ್ಟುವ ಗೋಪುರ, ಸ್ಮಾರಕಗಳೂ ಬಹುಮಟ್ಟಿಗೆ ಹೀಗೆಯೇ: ಗುಲಾಬಿ ಹೋಗಿ ಸೇವಂತಿಗೆ ಬಂದರೆ ಬಣ್ಣ ಬದಲಾದೀತು, ಮಾತು ಬದಲಾಗದು. ಅಲ್ಲಿ ಶ್ರಮವಿದೆ, ಕುಶಲತೆಯಿದೆ. ಸಾಮಗ್ರಿ ಮಾತ್ರ ಅಲಂಕಾರ. 'ಬಿಹೋಲ್ಡ್'ನ ಕೂದಲನ್ನು ತೆಗೆದು ನೈಲಾನ್ ಹಗ್ಗ ಹಾಕಿ ನೋಡಿ. ಹರಕೆಯೂ ಹೋಯಿತು, ದೃಷ್ಟಿಯ ಭಯವೂ ಹೋಯಿತು, ಉಳಿದದ್ದು ಗುಜರಿ ಅಂಗಡಿ. ಒರಳುಕಲ್ಲಿನ ಜಾಗದಲ್ಲಿ ಸಿಮೆಂಟಿನ ಗುಂಡು ಇಟ್ಟರೂ ಹಾಗೆಯೇ. ಸಾಮಗ್ರಿ ಬದಲಾದೊಡನೆ ಕೃತಿ ಸತ್ತರೆ, ಅಲ್ಲಿ ಸಾಮಗ್ರಿಗೆ ಕೆಲಸವಿದೆ ಎಂದರ್ಥ. ಈ ಪರೀಕ್ಷೆಯಲ್ಲಿ ದೊಡ್ಡ ಹೆಸರಿನ ಎಷ್ಟೋ ಕೃತಿಗಳು ಸೋಲುತ್ತವೆ. ನೀವು ಸಂಕೋಚವಿಲ್ಲದೆ 'ಇದು ನನಗೆ ಹಿಡಿಸಲಿಲ್ಲ' ಎನ್ನಬಹುದು.

ಗಾತ್ರದ ಬಗ್ಗೆಯೂ ಒಂದು ಮಾತು. ಉಡುತಡಿಯಲ್ಲಿ ಈಗ ಅಕ್ಕಮಹಾದೇವಿಯ ಎತ್ತರದ ಪ್ರತಿಮೆ ನಿಂತಿದೆ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ 2022ರಲ್ಲಿ ಅನಾವರಣಗೊಂಡ ಕೆಂಪೇಗೌಡರ ಕಂಚಿನ ಪ್ರತಿಮೆ 108 ಅಡಿ. ಇಂಥವುಗಳ ಎತ್ತರ ಗೌರವ ತೋರಿಸಲು, ದೂರದಿಂದ ಕಾಣಲು. ಪ್ರತಿಷ್ಠಾಪನಾ ಕಲೆಯ ಗಾತ್ರದ ಉದ್ದೇಶ ಬೇರೆ: ಒಂದೇ ನೋಟಕ್ಕೆ ಮುಗಿಯದಿರಲಿ, ನಡೆದು ದಣಿಯಲಿ, ದಾರ ಪೋಣಿಸಿದವರ ದಣಿವು ನೋಡಿದವರ ಮೈಗೂ ತಾಗಲಿ ಎಂದು. ನಾಲ್ಕು ಕಿಲೋಮೀಟರ್ ಹಗ್ಗದ ಬದಲು ನಾಲ್ಕು ಮಾರು ಇಟ್ಟಿದ್ದರೆ ಅದು ಬರೀ ಮಾದರಿಯಾಗುತ್ತಿತ್ತು.

ನೋಡಲು ಎಲ್ಲಿಗೆ ಹೋಗಬೇಕು? ನಮ್ಮ ಎರಡು ತಾಲ್ಲೂಕುಗಳಲ್ಲಿ ಇಂಥ ಗ್ಯಾಲರಿ ಇಲ್ಲ, ಇದು ಬೇಸರದ ಸಂಗತಿ. ಸೊರಬದವರು ಸಾಗರದಲ್ಲಿ, ಶಿಕಾರಿಪುರದವರು ಶಿವಮೊಗ್ಗದಲ್ಲಿ ರಾತ್ರಿಯ ರೈಲು ಹತ್ತಿದರೆ ಬೆಳಗಾಗುವುದರೊಳಗೆ ಬೆಂಗಳೂರು. ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿ 2009ರಿಂದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯವಿದೆ. ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಮ್ಯೂಸಿಯಂ ಆಫ್ ಆರ್ಟ್ ಆ್ಯಂಡ್ ಫೋಟೊಗ್ರಫಿ ಇದೆ. ಎರಡರಲ್ಲೂ ಪ್ರದರ್ಶನಗಳು ಬದಲಾಗುತ್ತಿರುತ್ತವೆ, ಹೊರಡುವ ಮೊದಲು ಏನಿದೆ ಎಂದು ಫೋನು ಮಾಡಿ ಕೇಳಿಕೊಳ್ಳಿ. ಒಂದೇ ಕಡೆ ಹತ್ತಾರು ಪ್ರತಿಷ್ಠಾಪನೆ ನೋಡಬೇಕೆಂದರೆ ಕೊಚ್ಚಿ ಬಿನಾಲೆ. ಡಿಸೆಂಬರಿನಲ್ಲಿ ಶುರುವಾಗಿ ತಿಂಗಳುಗಟ್ಟಲೆ ನಡೆಯುತ್ತದೆ, ಆರನೆಯದು 2025ರ ಡಿಸೆಂಬರ್ 12ರಂದು ಆರಂಭವಾಯಿತು.

ಹೋಗುವಾಗ ಮನೆಯ ಹಿರಿಯ ಹೆಂಗಸರನ್ನು ಕರೆದುಕೊಂಡು ಹೋಗಿ. ಸಗಣಿ ಸಾರಿಸಿದವರು, ಒರಳಲ್ಲಿ ರುಬ್ಬಿದವರು, ಬಾಚಿದ ಕೂದಲು ಕೂಡಿಟ್ಟವರು ಅವರು. ಅವರು ಮೊದಲು ಮಾತಾಡಲಿ, ಫಲಕವನ್ನು ಆಮೇಲೆ ಓದಿ. ಸೋಮವಾರ ಮಾತ್ರ ಹೊರಡಬೇಡಿ. ಬೆಂಗಳೂರಿನ ಈ ಎರಡೂ ಸಂಗ್ರಹಾಲಯಗಳಿಗೆ ಅಂದು ರಜೆ.